ಆಕ್ಟ್‌ಬ್ಲೂ: ದೇಣಿಗೆ ಒತ್ತುವ ಮುನ್ನ ಫಾರಂ ಓದಿ

ಅಮೆರಿಕದಲ್ಲಿ ಬಂದೂಕು ನಿಯಂತ್ರಣಕ್ಕೆ ಪಟ್ಟು ಹಿಡಿದಿರುವ ಡೆಮಾಕ್ರಟಿಕ್ ಸಂಸದೆಯರಿಗೆ ಸಣ್ಣ ದೇಣಿಗೆ ಹೋಗುವುದು ಹೆಚ್ಚಾಗಿ ಆಕ್ಟ್‌ಬ್ಲೂ ಎಂಬ ಆನ್‌ಲೈನ್ ದೇಣಿಗೆ ವೇದಿಕೆಯ ಮೂಲಕ. ಜಾರ್ಜಿಯಾದ ಲೂಸಿ ಮೆಕ್‌ಬಾತ್ ಇರಲಿ (2012ರಲ್ಲಿ ಕಾರಿನ ಹಾಡಿನ ಸದ್ದಿಗೆ ಶುರುವಾದ ಜಗಳದಲ್ಲಿ 17ರ ಮಗನನ್ನು ಗುಂಡಿಗೆ ಕಳೆದುಕೊಂಡು, 2018ರಲ್ಲಿ ಗೆದ್ದು ಬಂದವರು), ಇಲಿನಾಯ್‌ನ ರಾಬಿನ್ ಕೆಲಿ ಇರಲಿ, ದಾರಿ ಇದೇ. 2004ರಿಂದ ನಡೆಯುತ್ತಿರುವ ಈ ಸೇವೆಗೆ ಐದಕ್ಕೆ ನಾಲ್ಕು ಅಂಕ ಕೊಡಬಹುದು. ಆದರೆ ಫಾರಂ ಓದದೆ ಗುಂಡಿ ಒತ್ತಿದರೆ ಎರಡೇ.

ಮೊದಲು ಕೊಡಲು ಅರ್ಹರೇ ನೋಡಿಕೊಳ್ಳಿ. ಅಮೆರಿಕದ ನಾಗರಿಕರು ಮತ್ತು ಗ್ರೀನ್ ಕಾರ್ಡ್ ಇರುವವರು ಮಾತ್ರ ಕೊಡಬಹುದು. ಎಚ್-1ಬಿ (ಉದ್ಯೋಗ), ಎಫ್-1 (ವಿದ್ಯಾರ್ಥಿ) ವೀಸಾದಲ್ಲಿರುವವರು ಒಂದು ಡಾಲರ್ ಕೊಟ್ಟರೂ ಕಾನೂನುಬಾಹಿರ, ಬೆಂಗಳೂರಿನಿಂದ ಭಾರತೀಯ ನಾಗರಿಕರು ಕಳಿಸುವ ಮಾತಂತೂ ದೂರ. ನಮ್ಮ ಮನೆಗಳಲ್ಲಿ ಸುಲಭವಾಗಿ ಆಗಬಹುದಾದ ಎಡವಟ್ಟು ಒಂದಿದೆ: ದುಡ್ಡು ಎಚ್-1ಬಿ ಗಂಡನದು, ಹೆಸರು ಸಿಟಿಜನ್ ಹೆಂಡತಿಯದು. ಇನ್ನೊಬ್ಬರ ಹೆಸರಲ್ಲಿ ಕೊಡುವುದೂ ನಿಷಿದ್ಧವೇ. ಹಾಗಂತ ವೀಸಾದವರು ಕೈಕಟ್ಟಿ ಕೂರಬೇಕಿಲ್ಲ. ಸಂಬಳವಿಲ್ಲದೆ ಫೋನ್ ಬ್ಯಾಂಕಿಂಗ್‌ನಂಥ (ಮತದಾರರಿಗೆ ಕರೆ ಮಾಡುವ) ಸ್ವಯಂಸೇವೆ ಮಾಡಬಹುದು, ಪ್ರಚಾರದ ತೀರ್ಮಾನಗಳಲ್ಲಿ ಮಾತ್ರ ಕೈ ಹಾಕುವಂತಿಲ್ಲ.

ಶುಲ್ಕ 3.95 ಶೇಕಡಾ. 50 ಡಾಲರ್ ಕೊಟ್ಟರೆ ಪ್ರಚಾರಕ್ಕೆ ಸೇರುವುದು ಸುಮಾರು 48. ಕಾರ್ಡಿನ ಖರ್ಚೂ ಅದರಲ್ಲೇ ಇರುವುದರಿಂದ ದುಬಾರಿ ಎನ್ನುವಂತಿಲ್ಲ. ಟಿಪ್ ಕೇಳಿದರೆ ಅದು ಆಕ್ಟ್‌ಬ್ಲೂಗೆ ಹೋಗುತ್ತದೆ, ಸಂಸದೆಗಲ್ಲ. ಕೊಡಲೇಬೇಕೆಂದೇನಿಲ್ಲ.

ಹೆಚ್ಚು ಜನ ಬೀಳುವ ಗುಂಡಿ ಇದಲ್ಲ, ಹಲವರ ಹೆಸರಿರುವ ಜಂಟಿ ಪುಟ. "ಬಂದೂಕಿನ ವಿರುದ್ಧ ನಿಂತ ಮಹಿಳೆಯರನ್ನು ಬೆಂಬಲಿಸಿ" ಎಂದು ಬರುವ ಇಮೇಲ್ ಒತ್ತಿದರೆ ಮೂವರು ಅಭ್ಯರ್ಥಿಗಳ ಜೊತೆ ಇಮೇಲ್ ಕಳಿಸಿದ ಸಂಘಟನೆಯ ಹೆಸರೂ ಇರಬಹುದು. 100 ಡಾಲರ್ ಸಮನಾಗಿ ಹಂಚಿದರೆ ಮೆಕ್‌ಬಾತ್‌ಗೆ 25 ಮಾತ್ರ. ಯಾರಿಗೆಷ್ಟು ಎಂದು ಬದಲಿಸುವ ಆಯ್ಕೆ ಆ ಪುಟದಲ್ಲೇ ಇರುತ್ತದೆ, ಕಣ್ಣಿಗೆ ತಕ್ಷಣ ಬೀಳುವುದಿಲ್ಲ ಅಷ್ಟೆ. ಒಬ್ಬರಿಗೇ ಕೊಡಬೇಕಿದ್ದರೆ ಇಮೇಲ್ ಬಿಟ್ಟು, ಅಭ್ಯರ್ಥಿಯ ಸ್ವಂತ ಜಾಲತಾಣದಲ್ಲಿರುವ ದೇಣಿಗೆ ಕೊಂಡಿಯಿಂದಲೇ ಹೋಗಿ.

ಪ್ರತಿ ತಿಂಗಳು ಕಡಿತವಾಗುವ ಆಯ್ಕೆಯನ್ನೂ ಗಮನಿಸಿ. ಖಾತೆ ತೆರೆದಿದ್ದರೆ ಅದನ್ನು ನಿಲ್ಲಿಸುವುದು ಸುಲಭ, ಅದೊಂದಕ್ಕಾದರೂ ಖಾತೆ ಇರಲಿ. ಮಿತಿ 2025-26ರ ಚುನಾವಣೆಗೆ ಒಬ್ಬ ಅಭ್ಯರ್ಥಿಗೆ ಪ್ರೈಮರಿಯಲ್ಲಿ (ಪಕ್ಷದ ಅಭ್ಯರ್ಥಿಯನ್ನು ಆರಿಸುವ ಚುನಾವಣೆ) 3,500 ಡಾಲರ್, ಮುಖ್ಯ ಚುನಾವಣೆಯಲ್ಲಿ ಮತ್ತೆ 3,500.

ಗೋಪ್ಯತೆ ಇಲ್ಲಿನ ದೊಡ್ಡ ಕೊರತೆ. ನೇರವಾಗಿ ಪ್ರಚಾರ ಸಮಿತಿಗೆ ಕೊಟ್ಟರೆ 200 ಡಾಲರ್ ದಾಟುವವರೆಗೆ ವರದಿಯಲ್ಲಿ ಹೆಸರು ಬರಬೇಕಾಗಿಲ್ಲ. ಆಕ್ಟ್‌ಬ್ಲೂ ಮಧ್ಯವರ್ತಿಯಾದ್ದರಿಂದ 5 ಡಾಲರ್ ಕೊಟ್ಟರೂ ಹೆಸರು, ಊರು, ಉದ್ಯೋಗ, ಕಂಪನಿ ಎಲ್ಲ ಫೆಡರಲ್ ಚುನಾವಣಾ ಆಯೋಗದ ದಾಖಲೆಗೆ ಸೇರುತ್ತವೆ, ಯಾರು ಬೇಕಾದರೂ ಹುಡುಕಬಹುದು. ಮುಜುಗರ ಅನ್ನಿಸಿದರೆ ಚೆಕ್ ಬರೆದು ನೇರ ಪ್ರಚಾರ ಸಮಿತಿಗೆ ಅಂಚೆಯಲ್ಲಿ ಕಳಿಸಿ. ಫೋನ್ ನಂಬರ್ ಕಡ್ಡಾಯವಲ್ಲದ ಕಡೆ ಖಾಲಿ ಬಿಡಿ. ಕೊಟ್ಟಿರೋ, ಚುನಾವಣೆ ಮುಗಿಯುವವರೆಗೂ ಮೆಸೇಜುಗಳ ಸುರಿಮಳೆ.

ಈ ದೇಣಿಗೆಗೆ ತೆರಿಗೆ ವಿನಾಯಿತಿ ಇಲ್ಲ. ವಿನಾಯಿತಿಯೇ ಮುಖ್ಯವಾದರೆ ಮಾಜಿ ಸಂಸದೆ ಗ್ಯಾಬಿ ಗಿಫರ್ಡ್ಸ್ ಹೆಸರಿನ ಗಿಫರ್ಡ್ಸ್ ಲಾ ಸೆಂಟರ್‌ಗೆ ಕೊಡಬಹುದು, ಆದರೆ ಆ ಹಣ ಯಾವ ಅಭ್ಯರ್ಥಿಯ ಪ್ರಚಾರಕ್ಕೂ ಹೋಗುವುದಿಲ್ಲ.