ಮಲೆನಾಡಿನ ಲ್ಯಾಬಿಗೆ ಯಾವ ಸಿಒ2 ಇನ್‌ಕ್ಯುಬೇಟರ್? ವಾಟರ್ ಜಾಕೆಟ್ಟೋ, ಡೈರೆಕ್ಟ್ ಹೀಟೋ

ಮನೋರೋಗದ ಸಂಶೋಧನೆಗೆ ಜೀವಕೋಶ ಬೆಳೆಸುವ ಲ್ಯಾಬಿಗೆ ಹದವಾದ ಬಿಸಿ, ಇಂಗಾಲದ ಡೈಆಕ್ಸೈಡ್ (ಸಿಒ2), ತೇವ ಕಾಯ್ದುಕೊಳ್ಳುವ ಪೆಟ್ಟಿಗೆ ಬೇಕು. ಅದೇ ಸಿಒ2 ಇನ್‌ಕ್ಯುಬೇಟರ್. ಕ್ಯಾಟಲಾಗಿನಲ್ಲಿ ಎಲ್ಲ ಇನ್‌ಕ್ಯುಬೇಟರುಗಳೂ ಒಂದೇ: 37 ಡಿಗ್ರಿ, ಶೇ 5 ಸಿಒ2, ಶೇ 95ರ ಆಸುಪಾಸು ತೇವ. ಶಿವಮೊಗ್ಗದ ಜುಲೈ ತಿಂಗಳು ಬಂದಾಗ ಅವುಗಳ ಬಣ್ಣ ಬಯಲಾಗುತ್ತದೆ. ಇಲ್ಲಿ ಹೋಲಿಸಿರುವುದು 170 ಲೀಟರ್ ಆಸುಪಾಸಿನ ಎರಡು ಬಗೆ: ಸುತ್ತ ನೀರು ತುಂಬಿದ ವಾಟರ್ ಜಾಕೆಟ್, ಗೋಡೆಯನ್ನೇ ಕಾಯಿಸುವ ಡೈರೆಕ್ಟ್ ಹೀಟ್.

ಮನೋರೋಗದ ಸಂಶೋಧನೆಗೆ ಇಷ್ಟು ನಾಜೂಕು ಯಾಕೆ? ಬದುಕಿರುವ ರೋಗಿಯ ಮೆದುಳನ್ನು ಕೊಯ್ದು ನೋಡಲಾಗದು. ಹಾಗಾಗಿ ರಕ್ತದ ಅಥವಾ ಚರ್ಮದ ಕೋಶವನ್ನು ಕಾಂಡಕೋಶವಾಗಿಸಿ (ಬೇರೆ ಬೇರೆ ಬಗೆಯ ಕೋಶವಾಗಿ ಬೆಳೆಯಬಲ್ಲ ಕೋಶ), ಅದರಿಂದ ನರಕೋಶ ಬೆಳೆಸುತ್ತಾರೆ. ಜಪಾನಿನ ವಿಜ್ಞಾನಿ ಶಿನ್ಯಾ ಯಮನಾಕ ಕೋಶವನ್ನು ಕಾಂಡಕೋಶವಾಗಿಸುವ ದಾರಿ ತೋರಿಸಿದ್ದು 2006ರಲ್ಲಿ ಇಲಿಯ ಕೋಶದಲ್ಲಿ, ಮರುವರ್ಷ ಮನುಷ್ಯರದ್ದರಲ್ಲಿ. ಬೆಂಗಳೂರಿನಲ್ಲಿ ನಿಮ್ಹಾನ್ಸ್ ಆಸ್ಪತ್ರೆ, ಜೀವವಿಜ್ಞಾನದ ಸಂಶೋಧನಾ ಸಂಸ್ಥೆಗಳಾದ ಎನ್‌ಸಿಬಿಎಸ್, ಇನ್‌ಸ್ಟೆಮ್ ಸೇರಿ ಇದೇ ಬಗೆಯ ಕೆಲಸ ಮಾಡಿವೆ. ಬೈಪೋಲಾರ್ (ಉನ್ಮಾದ, ಖಿನ್ನತೆ ಎರಡೂ ಕಾಣಿಸುವ ಮನೋರೋಗ) ರೋಗಿಗಳ ನರಕೋಶಗಳು ಅತಿಯಾಗಿ ಮಿಡಿಯುತ್ತವೆ, ಲಿಥಿಯಂ ಎಂಬ ಔಷಧ ಒಗ್ಗಿದ ರೋಗಿಗಳ ಕೋಶಗಳು ಮಾತ್ರ ಅದೇ ಲಿಥಿಯಂಗೆ ಶಾಂತವಾಗುತ್ತವೆ ಎಂದು 2015ರ ಅಧ್ಯಯನವೊಂದು ತೋರಿಸಿತು. ಆ ಮಿಡಿತ ಬಿಸಿಗೂ ಆಮ್ಲೀಯತೆಯ ಅಳತೆಯಾದ ಪಿಎಚ್‌ಗೂ ಬದಲಾಗುತ್ತದೆ. ರೋಗಿಯ ಕೋಶಗಳಿರುವ ಪ್ಲೇಟನ್ನು ಮೇಲಿನ ತಟ್ಟೆಯಲ್ಲೂ (ಶೆಲ್ಫ್) ಆರೋಗ್ಯವಂತರದ್ದನ್ನು ಕೆಳಗಿನದರಲ್ಲೂ ಇಟ್ಟರೆ, ತಟ್ಟೆಗಳ ನಡುವಿನ ಬಿಸಿಯ ವ್ಯತ್ಯಾಸವೇ ಕಾಯಿಲೆಯ ವೇಷ ಹಾಕಿ ಬರುತ್ತದೆ. ಎರಡನ್ನೂ ಒಂದೇ ತಟ್ಟೆಯಲ್ಲಿ ಬೆರೆಸಿಡಿ. ಕೊಳ್ಳುವ ಮೊದಲು ಖಾಲಿ ಪೆಟ್ಟಿಗೆಯ ಪ್ರತಿ ತಟ್ಟೆಯಲ್ಲೂ ಬಿಸಿ ಅಳೆಯುವ ಪ್ರೋಬ್ ಇಟ್ಟು 24 ಗಂಟೆ ಅಳೆಸಿ, 0.3 ಡಿಗ್ರಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ವಾಪಸ್ ಕಳಿಸಿ.

ಇನ್ನು ಹೋಲಿಕೆ. ಮಳೆಗಾಲದಲ್ಲಿ ಲೈನಿನ ಮೇಲೆ ಮರ ಬಿದ್ದು ಕರೆಂಟ್ ಹೋಗುವ ಊರಿನಲ್ಲಿ ವಾಟರ್ ಜಾಕೆಟ್ ಒಳ್ಳೆಯದು ಎಂದು ಮಾರುವವರು ಹೇಳುತ್ತಾರೆ. ಸುಳ್ಳಲ್ಲ, ನಲವತ್ತು ಲೀಟರ್ ಆಸುಪಾಸಿನ ನೀರು ಗಂಟೆಗಟ್ಟಲೆ ಬಿಸಿ ಹಿಡಿದಿಡುತ್ತದೆ. ಆದರೆ ಇಲ್ಲಿ ಕರೆಂಟಿಗಿಂತ ದೊಡ್ಡ ಶತ್ರು ಬೂಸ್ಟು. ವಾಟರ್ ಜಾಕೆಟ್ಟನ್ನು 180 ಡಿಗ್ರಿಗೆ ಕಾಯಿಸಿ ಶುದ್ಧಮಾಡಲು ಬರುವುದಿಲ್ಲ, ಡೈರೆಕ್ಟ್ ಹೀಟಿನ ಕೆಲವು ಮಾದರಿಗಳಲ್ಲಿ ಬರುತ್ತದೆ. ಕರೆಂಟ್ ಸಮಸ್ಯೆಗೆ ಆನ್‌ಲೈನ್ ಯುಪಿಎಸ್ ಇದೆ. ಗೋಡೆಗೆ ಹತ್ತಿದ ಬೂಸ್ಟಿಗೆ ಅಂಥದ್ದೇನೂ ಇಲ್ಲ. ಹಾಗಾಗಿ ನಮ್ಮ ಓಟು ಡೈರೆಕ್ಟ್ ಹೀಟಿಗೆ. ಮೇ ತಿಂಗಳಲ್ಲಿ, ಮುಂಗಾರಿಗೆ ಮುಂಚೆ, ಒಮ್ಮೆ ಪೂರ್ತಿ ಸ್ಟೆರಿಲೈಸ್ ಮಾಡಿ. ರಾತ್ರಿಯಿಡೀ ಹಿಡಿಯುವ ಕೆಲಸ ಅದು. ಮಧ್ಯೆ ಕರೆಂಟ್ ಹೋದರೆ ಮೊದಲಿಂದ ಹಾಕುವುದೇ ಕ್ಷೇಮ. ಕೆಲವು ಮಾದರಿಗಳಲ್ಲಿ ಕಾಯಿಸುವ ಮುನ್ನ ಸೆನ್ಸರ್ ಬಿಚ್ಚಿಡಬೇಕು, ಮರೆತರೆ ಅದು ಸುಟ್ಟುಹೋಗುತ್ತದೆ.

ಬೂಸ್ಟು ತಡೆಯಲು ಒಳಗೋಡೆ ತಾಮ್ರದ್ದು ಬೇಕೆ? ಅಡಿಕೆ ತೋಟದವರಿಗೆ ವಿವರಿಸಬೇಕಾಗಿಲ್ಲ: ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವುದೂ ತಾಮ್ರವನ್ನು ನಂಬಿಯೇ. ದುಡ್ಡಿದ್ದರೆ ತೆಗೆದುಕೊಳ್ಳಿ, ಕಪ್ಪಾದರೆ ಗಾಬರಿ ಬೇಡ. ತೇವಕ್ಕಾಗಿ ಒಳಗಿಡುವ ನೀರಿನ ಟ್ರೇಗೆ ಮೈಲುತುತ್ತು ಹಾಕುವ ರೂಢಿ ಹಲವು ಲ್ಯಾಬುಗಳಲ್ಲಿದೆ. ಕಂಪನಿ ಒಪ್ಪುತ್ತದೆಯೇ ಎಂದು ಕೈಪಿಡಿ ನೋಡಿಯೇ ಹಾಕಿ. ಬ್ಲೀಚ್ ಮಾತ್ರ ಬೇಡವೇ ಬೇಡ, ಸ್ಟೀಲು ತಿಂದುಹಾಕುತ್ತದೆ. ಸ್ಟೆರೈಲ್ ಮಾಡಿದ ಡಿಸ್ಟಿಲ್ಡ್ ವಾಟರನ್ನು ವಾರಕ್ಕೊಮ್ಮೆ ಪೂರ್ತಿ ಬದಲಿಸಿ, ಮೇಲೆ ಮೇಲೆ ತುಂಬಿಸಬೇಡಿ.

ಬಾಗಿಲ ಮೇಲೆ ಜಿಪುಣತನ ಮಾಡುವ ಮಾದರಿಗಳನ್ನು ದೂರವಿಡಿ. ಹೊರಬಾಗಿಲಿಗೆ ಹೀಟರ್ ಇಲ್ಲದಿದ್ದರೆ ಒಳಗಾಜಿನ ಮೇಲೆ ಹನಿ ಕಟ್ಟುತ್ತದೆ. ಹನಿ ಇಳಿದು ಬಾಗಿಲಂಚಿನ ರಬ್ಬರಾದ ಗ್ಯಾಸ್ಕೆಟ್ಟಿನ ಕೆಳಮಡಿಕೆಯಲ್ಲಿ ನಿಲ್ಲುತ್ತದೆ. ಬೂಸ್ಟು ಮೊದಲು ಕರಿ ಚುಕ್ಕೆಯಾಗಿ ಕಾಣುವುದು ಅಲ್ಲೇ. ವಾರಕ್ಕೊಮ್ಮೆ ಆ ಮಡಿಕೆ ಬಿಡಿಸಿ ಶೇ 70ರ ಆಲ್ಕೋಹಾಲಿನಲ್ಲಿ ಒರೆಸಿ. ಒದ್ದೆ ಕೊಡೆ, ರಟ್ಟಿನ ಪೆಟ್ಟಿಗೆ ಆ ಕೋಣೆಗೆ ಕಾಲಿಡಬಾರದು. ರಟ್ಟು ಮಳೆಗಾಲದಲ್ಲಿ ಬೂಸ್ಟಿನ ತವರುಮನೆ.

ಸಿಒ2 ಅಳೆಯುವ ಸೆನ್ಸರ್ ಐಆರ್ (ಇನ್ಫ್ರಾರೆಡ್ ಕಿರಣದಿಂದ ಅಳೆಯುವ) ಬಗೆಯದೇ ಇರಲಿ. ಅಗ್ಗದ ಟಿಸಿ (ಗಾಳಿಯ ಶಾಖವಾಹಕತೆಯಿಂದ ಅಳೆಯುವ) ಸೆನ್ಸರ್ ತೇವ ಏರಿಳಿದರೂ ಸಿಒ2 ಏರಿಳಿಯಿತೆಂದು ತಪ್ಪು ಹೇಳುತ್ತದೆ. ಐಆರ್ ಓದು ಗಾಳಿಯ ಒತ್ತಡಕ್ಕೆ ಬದಲಾಗುವುದರಿಂದ, ಸಮುದ್ರಮಟ್ಟಕ್ಕಿಂತ ಸುಮಾರು 570 ಮೀಟರ್ ಮೇಲಿರುವ ಶಿವಮೊಗ್ಗದಲ್ಲಿ ಕಾರ್ಖಾನೆಯ ಕ್ಯಾಲಿಬ್ರೇಷನ್ ನಂಬದೆ, ಬೇರೆ ಗ್ಯಾಸ್ ಅನಲೈಸರ್ ತಂದು ಇಲ್ಲೇ ಸರಿಮಾಡಿಸಿ. ಕೋಶಗಳಿಗೆ ಆಹಾರವಾಗುವ ದ್ರವವಾದ ಮೀಡಿಯಂ ನೇರಳೆಗೆ ತಿರುಗಿದರೆ ಗ್ಯಾಸ್ ಕಡಿಮೆ ಎಂದೇ ಮೊದಲ ಅನುಮಾನ. ಹಳದಿಯಾದರೆ ಗ್ಯಾಸ್ ಹೆಚ್ಚಾಗಿರಬಹುದು, ಬ್ಯಾಕ್ಟೀರಿಯಾ ಸೇರಿರಬಹುದು.

ಸಿಒ2 ಸಿಲಿಂಡರಿನ ಒತ್ತಡದ ಮೀಟರ್ ನಂಬಿ ಮೋಸಹೋಗಬೇಡಿ. ಒಳಗೆ ದ್ರವ ಇರುವವರೆಗೂ ಮುಳ್ಳು ಹೆಚ್ಚುಕಡಿಮೆ ಒಂದೇ ಕಡೆ ನಿಂತಿರುತ್ತದೆ, ದ್ರವ ಮುಗಿದ ಮೇಲೆ ದಡಕ್ಕನೆ ಇಳಿಯುತ್ತದೆ. ತೂಕದ ಯಂತ್ರದ ಮೇಲಿಟ್ಟು ದಿನಾ ಬರೆದಿಡಿ. ನರಕೋಶ ಬಲಿಯಲು ಆರೆಂಟು ವಾರ ಬೇಕು. ಗ್ಯಾಸ್ ಮುಗಿಯುವುದಕ್ಕೆ ಒಂದು ಭಾನುವಾರದ ರಾತ್ರಿ ಸಾಕು. ಎರಡನೇ ಸಿಲಿಂಡರಿಗೆ ತಾನಾಗೇ ಬದಲಾಗುವ ಸ್ವಿಚ್ಚನ್ನು ಇನ್‌ಕ್ಯುಬೇಟರಿನ ಜೊತೆಯಲ್ಲೇ ಆರ್ಡರ್ ಮಾಡಿ.