ಬನಶಂಕರಿ ಗುಡಿ ಮುಂದಿನ ಬುಟ್ಟಿ ಊಟ

ಬಾದಾಮಿಯಿಂದ ಸುಮಾರು 5 ಕಿ.ಮೀ. ದೂರದ ಬನಶಂಕರಿಗೆ ಹೋದರೆ ಹೋಟೆಲ್ ಹುಡುಕಬೇಡಿ. ಗುಡಿ ಮುಂದಿನ ಹೊಂಡದ ಆಸುಪಾಸಿನಲ್ಲಿ ಬುಟ್ಟಿ ಹೊತ್ತು ಬರುವ ಅವ್ವಂದಿರ ಮನೆಯೂಟಕ್ಕೆ ಸಾಟಿಯಿಲ್ಲ. ಜೋಳದ ರೊಟ್ಟಿ, ಕಾಳುಪಲ್ಯ, ಶೇಂಗಾ ಹಿಂಡಿ (ಚಟ್ನಿಪುಡಿ), ಕೆಂಪು ಖಾರ, ಮೇಲೆ ಗಟ್ಟಿ ಮೊಸರು.

ರೊಟ್ಟಿ ಮಡಚಿ ನೋಡಿ. ಮುರಿಯದೆ ಬಾಗಿದರೆ ಅವತ್ತಿನ ಬೆಳಗಿನದು. ಹಿಟ್ಟು ಹಳೆಯದಾಗಿದ್ದರೆ ಜಿಗಿ (ಅಂಟು) ಹೋಗಿ, ಬಡಿಯುವಾಗಲೇ ಅಂಚು ಬಿರಿದಿರುತ್ತದೆ, ಅಂಥದ್ದು ಬೇಡ. ಖಡಕ್ ರೊಟ್ಟಿಯಾದರೆ ಮುರಿದು ಮೊಸರಲ್ಲಿ ಎರಡು ನಿಮಿಷ ನೆನೆಸಿ, ಮೇಲೆ ಶೇಂಗಾ ಹಿಂಡಿ ಉದುರಿಸಿ. ಈ ಜೋಡಿಗಾಗಿಯೇ ಅಲ್ಲಿಗೆ ಹೋಗಬಹುದು! ಕೆಂಪು ಖಾರದಲ್ಲಿ ಬೆಳ್ಳುಳ್ಳಿ ಜೋರು, ಮೊದಲು ಚೂರೇ ಹಚ್ಚಿಕೊಳ್ಳಿ.

ಬೇಸಿಗೆಯಲ್ಲಿ ಹೊತ್ತು ಏರಿದಂತೆ ಮೊಸರು ಹುಳಿಯಾಗುತ್ತದೆ, ಮಧ್ಯಾಹ್ನ 12ರೊಳಗೆ ಉಣ್ಣಿ. ದರ ಮೊದಲೇ ಕೇಳಿ, ಚಿಲ್ಲರೆ ಇರಲಿ. ಬನದ ಹುಣ್ಣಿಮೆ ಜಾತ್ರೆಯಲ್ಲಿ ಕೂರಲು ಜಾಗ ಸಿಗುವುದು ಕಷ್ಟ. ಮಂಗಗಳ ಮೇಲೂ ಕಣ್ಣಿಡಿ.