ಮೂರು ಮಡಿಕೆಯ ಸ್ಟ್ರಾಲರ್, 28 ತಿಂಗಳ ನಂತರ: ದಾವಣಗೆರೆಯ ಬೀದಿಗೆ ಸೈ, ದುರ್ಗದ ಕಲ್ಲಿಗೆ ಬೇಡ

ತೂಕ 6.8 ಕೆಜಿ. ಮುಂದಿನ ಚಕ್ರ 5 ಇಂಚು, ಹಿಂದಿನದು 6 ಇಂಚು, ಎರಡೂ ಗಾಳಿ ಹಾಕದ ಫೋಮಿನವು. ಮಗುವಿಗೆ 15 ಕೆಜಿ ಮಿತಿ, ಕೆಳಗಿನ ಬುಟ್ಟಿಗೆ 3 ಕೆಜಿ. ಇದೇ ಅಚ್ಚಿನ ಗಾಡಿ ಬೇರೆ ಬೇರೆ ಹೆಸರಲ್ಲಿ ಮಾರಾಟವಾಗುವುದರಿಂದ ಕಂಪನಿಯ ಹೆಸರು ಇಲ್ಲಿ ಮುಖ್ಯವಲ್ಲ. ಮಗುವನ್ನು ಕೂರಿಸುವ ಗಾಡಿ ಎಂದು ಕೊಂಡವರಿಗೆ ಐದಕ್ಕೆ ಮೂರು ಅಂಕ. ಮಗು ಕಂಕುಳಲ್ಲಿದ್ದಾಗ ನೀರಿನ ಬಾಟಲಿ, ಬಟ್ಟೆ ಚೀಲ, ಖಾರ ಮಂಡಕ್ಕಿ ಪೊಟ್ಟಣ ಹೊರುವ ತಳ್ಳುಗಾಡಿ ಎಂದುಕೊಂಡರೆ ನಾಲ್ಕೂವರೆ. ಎರಡು ಮಕ್ಕಳ ಮನೆಯಲ್ಲಿ ಹೆಚ್ಚಿನ ಪಾಲು ಎರಡನೆಯ ಕೆಲಸವೇ ನಡೆಯುತ್ತದೆ. ಚಿಕ್ಕದು ನಡೆಯುತ್ತೇನೆ ಎನ್ನುತ್ತದೆ, ನಾಲ್ಕು ವರ್ಷದ ದೊಡ್ಡದು ಒಳಗೆ ಹೋಗಿ ಕೂರುತ್ತದೆ. ದೊಡ್ಡದರ ತೂಕ 15 ದಾಟಿದ್ದರೆ ಸೀಟಿನ ಕೆಳಗಿನ ಅಡ್ಡಪಟ್ಟಿ ನಿಧಾನಕ್ಕೆ ಬಾಗುತ್ತದೆ, ಮುಂದಿನ ಚಕ್ರಗಳು ಒಂದರ ಕಡೆ ಒಂದು ವಾಲುತ್ತವೆ.

ಎಲ್ಲಕ್ಕಿಂತ ಹೆಚ್ಚು ನಡೆಯುವ ಅನಾಹುತ ಹಿಂದಕ್ಕೆ ಮಗುಚುವುದು. ಹಿಡಿಕೆ ಇರುವುದು ಹಿಂದಿನ ಚಕ್ರದ ಅಚ್ಚಿಗಿಂತ ಸುಮಾರು ಒಂದು ಅಡಿ ಹಿಂದೆ. ಅಲ್ಲಿ ಐದಾರು ಕೆಜಿಯ ಚೀಲ ತೂಗುಹಾಕಿ, ಮುಂದೆ ಮಗು ಕೂತಿರುವವರೆಗೆ ತಕ್ಕಡಿ ಸಮ. ಮಗುವನ್ನು ಎತ್ತಿಕೊಂಡ ಕ್ಷಣ ಮುಂದಿನ ತಟ್ಟೆ ಖಾಲಿ, ಗಾಡಿ ಅಂಗಾತ. ಚೀಲದಲ್ಲಿರುವುದು ಮಂಡಕ್ಕಿಯಾದರೆ ಅದು ಎಷ್ಟು ದೂರ ಹರಡುತ್ತದೆ ಎಂದು ದಾವಣಗೆರೆಯವರಿಗೆ ಹೇಳಬೇಕಿಲ್ಲ. ಹಾಗಾಗಿ ಇಳಿಸುವಾಗ ಮೊದಲು ಚೀಲ, ಆಮೇಲೆ ಮಗು. ಕೂರಿಸುವಾಗ ಮೊದಲು ಮಗು, ಬೆಲ್ಟು, ಆಮೇಲೆ ಚೀಲ. ಭಾರದ್ದು, 3 ಕೆಜಿ ಮಿತಿಯೊಳಗೆ, ಬುಟ್ಟಿಗೇ ಹೋಗಲಿ. ಹಿಡಿಕೆಗೆ ಹಾಕುವ ಕೊಕ್ಕೆಗಳನ್ನು ಅಂಗಡಿಯವರು ಪುಕ್ಕಟೆ ಕೊಟ್ಟರೂ ಬೇಡ.

‘ಒಂದೇ ಕೈಯಲ್ಲಿ ಮೂರು ಸೆಕೆಂಡಿಗೆ ಮಡಚಬಹುದು’ ಎಂದು ಡಬ್ಬದ ಮೇಲೆ ಬರೆದಿರುತ್ತದೆ. ಬರೆದವರ ಇನ್ನೊಂದು ಕೈಯಲ್ಲಿ ಮಗು ಇರಲಿಲ್ಲ. ಕ್ರಮ ಹೀಗಿದೆ: ಬುಟ್ಟಿ ಖಾಲಿ ಮಾಡಿ, ಒರಗುಬೆನ್ನನ್ನು ನೆಟ್ಟಗೆ ಮಾಡಿ, ನೆರಳಿನ ಟೋಪಿ ಹಿಂದಕ್ಕೆ ತಳ್ಳಿ, ಮುಂದಿನ ಚಕ್ರ ನೇರ ಮಾಡಿ, ಕೊನೆಗೆ ಗುಂಡಿ ಒತ್ತಿ ಕೆಳಗೆ ಅದುಮಿ. ಬುಟ್ಟಿಯಲ್ಲಿ ಒಂದು ಹಾಲಿನ ಬಾಟಲಿ ಉಳಿದರೂ ಪಕ್ಕದ ಕೊಂಡಿ ಪೂರ್ತಿ ಬೀಳುವುದಿಲ್ಲ. ಬಿದ್ದಂತೆ ಕಾಣುತ್ತದೆ, ಅಷ್ಟೇ. ಆಟೋ ಮೊದಲ ಹಂಪ್ ಹಾರಿದಾಗ ಗಾಡಿ ತಾನಾಗಿ ಬಿಚ್ಚಿಕೊಂಡು ಪಕ್ಕದವರ ಮಂಡಿಗೆ ಬಡಿಯುತ್ತದೆ. ‘ಟಕ್’ ಶಬ್ದ ಕೇಳಿದ ಮೇಲೂ ಒಮ್ಮೆ ಎತ್ತಿ ಅಲುಗಿಸಿ ನೋಡಬೇಕು. ಸೀಟಿನ ಹಿಂದಿನ ಜಾಗದಲ್ಲಿ ಮಲಗಿಸಿದರೆ ಆಟೋದಲ್ಲಿ ಹಿಡಿಸುತ್ತದೆ. ಸ್ಕೂಟರಿನಲ್ಲಿ ಕಾಲಿಡುವ ಜಾಗಕ್ಕೆ ಇದನ್ನು ಇಟ್ಟು, ಅದರ ಮೇಲೆ ಮಗುವನ್ನು ನಿಲ್ಲಿಸುವ ಸಾಹಸ ಯಾರೂ ಮಾಡಬೇಡಿ.

ಸಣ್ಣ ಚಕ್ರದ ದೊಡ್ಡ ಶತ್ರು ಮಳೆ ಬಿದ್ದ ಎರೆಮಣ್ಣು. ಡಾಂಬರು ಬಿಟ್ಟು ನಾಲ್ಕು ಹೆಜ್ಜೆ ಇಳಿದರೆ ಸಾಕು, ಚಕ್ರ ಮತ್ತು ಅದರ ಕವೆಯ ನಡುವೆ ಮಣ್ಣು ಒತ್ತಿಕೊಂಡು ಚಕ್ರ ತಿರುಗುವುದನ್ನೇ ನಿಲ್ಲಿಸುತ್ತದೆ, ಮಗು ಜಾರುಬಂಡಿಯಲ್ಲಿ ಕೂತಂತೆ ಸಾಗುತ್ತದೆ. ಹಸಿ ಇರುವಾಗ ಕಿತ್ತರೆ ಕೈಯೆಲ್ಲ ಮಣ್ಣು. ಒಣಗಲು ಬಿಟ್ಟು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಕೊಡವಿದರೆ ಹೆಂಟೆಹೆಂಟೆಯಾಗಿ ಉದುರುತ್ತದೆ. ರೈಲ್ವೆ ಗೇಟು ದಾಟುವಾಗ ಓರೆಯಾಗಿ ಹೋದರೆ ಮುಂದಿನ ಚಕ್ರ ತಿರುಗಿ ಹಳಿಯ ಪಕ್ಕದ ಸಂದಿಗೆ ಇಳಿಯುತ್ತದೆ. ಹಳಿಗೆ ನೇರ ಅಡ್ಡವಾಗಿ ನಿಲ್ಲಿಸಿ, ಹಿಡಿಕೆ ಕೆಳಗೊತ್ತಿ ಮುಂದಿನ ಚಕ್ರ ಎತ್ತಿ ಹಿಂದಿನವುಗಳ ಮೇಲೆಯೇ ದಾಟಿಸಬೇಕು. ಮೂರನೆಯ ಶತ್ರು ಹೂವಿನ ದಾರ. ಜಾತ್ರೆ, ದೇವಸ್ಥಾನ ಮುಗಿಸಿ ಬಂದ ಮೇಲೆ ಅಚ್ಚಿಗೆ ದಾರವೂ ಕೂದಲೂ ಸುತ್ತಿಕೊಂಡಿರುತ್ತವೆ. ತಿಂಗಳಿಗೊಮ್ಮೆ ಕತ್ತರಿಯಿಂದ ಬಿಡಿಸಿ. ಕಿರುಗುಟ್ಟಿದರೆ ಸಿಲಿಕೋನ್ ಸ್ಪ್ರೇ ಒಂದು ಹನಿ. ಕೊಬ್ಬರಿ ಎಣ್ಣೆ ಹಾಕಿದರೆ ಎರಡು ದಿನ ಸುಮ್ಮನಿದ್ದು, ಧೂಳು ಕೂಡಿ ಮೂರನೆಯ ದಿನ ಇನ್ನೂ ಜೋರಾಗಿ ಕೂಗುತ್ತದೆ.

ದಾವಣಗೆರೆಯಲ್ಲಿ ಗಾಡಿ ಖುಷಿಯಾಗಿ ಓಡುವುದು ಗಾಜಿನ ಮನೆಯ ಕಲ್ಲುಹಾಸಿನ ದಾರಿಯಲ್ಲಿ. ಸಂತೇಬೆನ್ನೂರಿನ ಪುಷ್ಕರಣಿಗೆ ಒಯ್ದರೆ ಮೇಲಿನ ದಂಡೆಯಲ್ಲೇ ಇರಲಿ. ನಾಲ್ಕೂ ಕಡೆ ಮೆಟ್ಟಿಲು, ಕೆಳಗೆ ನೀರು. ಬ್ರೇಕ್ ಪೆಡಲ್ ಒತ್ತಿದ ಮಾತ್ರಕ್ಕೆ ಗಾಡಿ ನಿಂತಿತು ಎನ್ನುವಂತಿಲ್ಲ, ಒಳಗಿನ ಕಡ್ಡಿ ಚಕ್ರದ ಹಲ್ಲಿನ ನಡುವೆ ಇಳಿಯಬೇಕು. ಅದು ಹಲ್ಲಿನ ನೆತ್ತಿಯ ಮೇಲೆ ಕೂತಿದ್ದರೆ ಗಾಡಿ ಒಂದೆರಡು ಇಂಚು ಉರುಳಿದ ಮೇಲೆ ಹಿಡಿಯುತ್ತದೆ, ಸವೆದಿದ್ದರೆ ಹಿಡಿಯುವುದೇ ಇಲ್ಲ. ಪೆಡಲ್ ಒತ್ತಿ, ಹಿಂದೆ ಮುಂದೆ ತಳ್ಳಿ, ಕಚ್ಚಿಕೊಂಡಿತೆಂದು ಗೊತ್ತಾದ ಮೇಲೆ ಕೈಬಿಡಿ.

ಬೆಣ್ಣೆ ದೋಸೆ ಹೋಟೆಲಿನಲ್ಲಿ ಬಿಚ್ಚಿದ ಸ್ಟ್ರಾಲರ್‌ಗೆ ಜಾಗವಿಲ್ಲ. ಜಾಗವಿದ್ದರೂ, ಕೂತ ಮಗುವಿನ ಕೈ ಸರಿಯಾಗಿ ಮೇಜಿನ ಅಂಚಿಗೆ ಬರುತ್ತದೆ: ಮೊದಲು ಚಟ್ನಿ, ಆಮೇಲೆ ಪಲ್ಯ, ಕೊನೆಗೆ ತಟ್ಟೆ. ‘ಅಕ್ಕಾ, ಗಾಡಿ ಸ್ವಲ್ಪ ಆಕಡೆ ಮಾಡ್ರಿ’ ಎಂದು ಕೈತುಂಬ ದೋಸೆ ಹಿಡಿದವರು ಹೇಳುವ ಮೊದಲೇ ಮಡಚಿ ಗೋಡೆಗೆ ಒರಗಿಸಿ. ಬೆಣ್ಣೆ ಮೆತ್ತಿದ ಸೀಟಿನ ಬಟ್ಟೆಯನ್ನು ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ಕೈಯಲ್ಲಿ ಒಗೆದರೆ ಹೋಗುತ್ತದೆ. ಬಕಲಿನೊಳಗೆ ಮಂಡಕ್ಕಿ ಚೂರು ಹೊಕ್ಕರೆ ಮಾತ್ರ ಬೆಲ್ಟು ಕಚ್ಚುವುದಿಲ್ಲ. ತಲೆಕೆಳಗು ಮಾಡಿ ತಟ್ಟಿ, ಉಗುರುಬೆಚ್ಚಗಿನ ನೀರಲ್ಲಿ ಅದ್ದಿ ನಾಲ್ಕು ಸಲ ಹಾಕಿ ತೆಗೆದು ಒಣಗಿಸಿ. ಎಣ್ಣೆ ಇಲ್ಲಿಗೂ ಬೇಡ.

ಚಿತ್ರದುರ್ಗದ ಕೋಟೆಗೆ ಇದು ಸುತರಾಂ ಆಗದು. ಶತ್ರು ಒಂದೇ ಓಟಕ್ಕೆ ನುಗ್ಗಬಾರದೆಂದು ತಿರುವುಮುರುವಾಗಿ ಕಟ್ಟಿದ ಬಾಗಿಲುಗಳು, ಸವೆದ ಕಲ್ಲಿನ ಇಳಿಜಾರು, ಮೆಟ್ಟಿಲು. ಏಳು ಸುತ್ತಿನಲ್ಲಿ ಮೊದಲ ಸುತ್ತಿಗೇ ಸ್ಟ್ರಾಲರ್ ಶರಣಾಗುತ್ತದೆ. ಓಬವ್ವನ ಕಿಂಡಿಯವರೆಗೆ ಒನಕೆ ಹೊತ್ತು ಹೋಗುವುದು ಇದಕ್ಕಿಂತ ಸುಲಭ. ಗಾಡಿ ವಾಹನದಲ್ಲೇ ಇರಲಿ, ಮಗುವಿಗೆ ಸೊಂಟಪಟ್ಟಿ ಇರುವ ಕ್ಯಾರಿಯರ್ ಕಟ್ಟಿಕೊಳ್ಳಿ. ಬೇಸಿಗೆಯಲ್ಲಿ ವಾಹನಕ್ಕೆ ಮರಳಿದಾಗ ಬಕಲು, ಕಪ್ಪು ಹಿಡಿಕೆಗಳನ್ನು ಮೊದಲು ನಿಮ್ಮ ಕೈಯಿಂದ ಮುಟ್ಟಿ ನೋಡಿ. ಬಿಸಿಲೆಂದು ಗಾಡಿಯ ಮೇಲೆ ಟವೆಲ್ ಮುಚ್ಚುವುದು ತಪ್ಪು, ಗಾಳಿಯಾಡದೆ ಒಳಗಿನ ಶಾಖ ಇನ್ನೂ ಏರುತ್ತದೆ. ಆಷಾಢದಲ್ಲಿ ಕಷ್ಟ ಬೇರೆಯದು. ಜೋಗಿಮಟ್ಟಿಯ ಕಡೆ ಗುಡ್ಡದ ಮೇಲೆ ಗಾಳಿಯಂತ್ರ ತಿರುಗಿಸುವ ಗಾಳಿಗೆ ಟೋಪಿ ಬಿಚ್ಚಿದ ಖಾಲಿ ಸ್ಟ್ರಾಲರ್ ಯಾವ ಲೆಕ್ಕ? ಖಾಲಿ ಇದ್ದಾಗ ಟೋಪಿ ಮಡಚಿ, ಬ್ರೇಕ್ ಹಾಕಿಡಿ.

28 ತಿಂಗಳಲ್ಲಿ ಸವೆದದ್ದು: ಮುಂದಿನ ಎಡ ಚಕ್ರದ ಫೋಮ್, ಹಿಡಿಕೆಯ ಹೊದಿಕೆ, ಟೋಪಿಯ ಒಂದು ಕೊಂಡಿ. ಫ್ರೇಮು ಗಟ್ಟಿಯಾಗಿದೆ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಬಟ್ಟೆ ನೋಡಿ ಮೋಸ ಹೋಗಬೇಡಿ, ಅದು ಒಗೆದರೆ ಹೊಸದಾಗುತ್ತದೆ. ಸಮತಟ್ಟು ನೆಲದ ಮೇಲೆ ಖಾಲಿ ಗಾಡಿಯನ್ನು ತಳ್ಳಿ ಕೈಬಿಡಿ. ಎರಡು ಮಾರು ನೇರ ಹೋಗದೆ ಪಕ್ಕಕ್ಕೆ ಎಳೆದರೆ, ಅದರಲ್ಲಿ ಯಾರದೋ ಮನೆಯ ದೊಡ್ಡ ಮಗು ಕೂತಿತ್ತು ಎಂದರ್ಥ.